ಕುಪ್ಪಮ್ಮ ಎಣಿಸಿದ ಪೊರೆ

ಕೊಯಮತ್ತೂರು ಬಳಿಯ ಸಿರುಮುಗೈಯ ನೇಕಾರರ ಬೀದಿಯಲ್ಲಿ ಕುಪ್ಪಮ್ಮನ ಎಣಿಕೆಗೆ ಎದುರಾಡಿದವರಿಲ್ಲ. ನಲವತ್ತು ವರ್ಷ ರೇಷ್ಮೆ ಸೀರೆ ನೇಯ್ದವಳು. ಎಳೆ ಎಣಿಸುವ ಪುಟ್ಟ ಭೂತಗನ್ನಡಿಯನ್ನು ಕಣ್ಣಿಗೊತ್ತಿ, ಅಂಗುಲಕ್ಕೆ ಇಷ್ಟೇ ಎಳೆ ಎಂದಳೆಂದರೆ ಸೊಸೈಟಿಯ ಮ್ಯಾನೇಜರೂ ಬಾಯಿ ಮುಚ್ಚಿಕೊಳ್ಳಬೇಕು. ಓದುಬರಹ ಬಾರದು, ನಿಜ. ಮನೆಯಲ್ಲಾಡುವ ಕನ್ನಡವನ್ನೂ ಓದಲಾರಳು, ಬೀದಿಯ ತಮಿಳನ್ನೂ ಓದಲಾರಳು. ಆದರೆ ಅವಳ ಲೆಕ್ಕ ಒಂದು ಎಳೆಯಷ್ಟೂ ತಪ್ಪಿದ್ದಿಲ್ಲ.

ಅಂಥವಳ ಕೈಗೆ ಹಾವಿನ ಪೊರೆ ಕೊಟ್ಟವನು ಅಳಿಯ ಗೋಪಿನಾಥ್. ಮಾವ ಸತ್ತದ್ದೇ ತಡ, ಮನೆ ಅಳಿಯನಾಗಿ ಬಂದು ಕೂತ. ಎರಡು ಮಗ್ಗ ಕಿತ್ತು ಮಾರಿ, ಆ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಗಳನ್ನಿಟ್ಟು ಹೆಬ್ಬಾವಿನಂಥ, ವಿಷವಿಲ್ಲದ ಬೋವಾ ಹಾವು ಸಾಕಿ, ಮರಿ ಮಾಡಿಸಿ ಮಾರತೊಡಗಿದ. ಕೊಯಮತ್ತೂರಿನ ಹಣವಂತರಿಗೆ ಏನೇನು ಹುಚ್ಚೋ! ನಾಯಿ ಸಾಲದೆ ದಕ್ಷಿಣ ಅಮೆರಿಕದ ಹಾವು ಬೇಕು, ಅದೂ ಕುಲಗೋತ್ರ ಸಮೇತ. ಸುರಿನಾಮ್ ಕಡೆಯ ಅಸಲಿ ಕೆಂಪುಬಾಲದ್ದಾದರೆ ಕಣ್ಣಿಗೊತ್ತಿಕೊಳ್ಳುತ್ತಾರೆ, ಸಾಧಾರಣ ಬೋವಾ ಆದರೆ ಮೂಗು ಮುರಿಯುತ್ತಾರೆ. ಬಾಲದ ಕೆಂಪನ್ನು ನಂಬುವಂತಿಲ್ಲ, ಸಾಧಾರಣದ್ದಕ್ಕೂ ಅದು ಬರುವುದುಂಟು. ನಡುಮೈಯಲ್ಲಿ ಹೊಟ್ಟೆಯ ಒಂದು ಅಂಚಿನಿಂದ ಬೆನ್ನು ಬಳಸಿ ಇನ್ನೊಂದು ಅಂಚಿನವರೆಗೆ ಹುರುಪೆಯ ಸಾಲು ಎಣಿಸಬೇಕು. ಎಂಬತ್ತು ದಾಟಿದರೆ ಅಸಲಿ, ಅದರೊಳಗಿದ್ದರೆ ಸಾಧಾರಣ. ಹಾವು ಕಳಚಿದ ಪೊರೆಯಿದ್ದರೆ ಸಾಕು. ಅದನ್ನು ಎಷ್ಟು ಎಳೆದರೂ ಸಾಲು ಹೆಚ್ಚುವುದಿಲ್ಲ.

ಕುಪ್ಪಮ್ಮ ಪೊರೆಯನ್ನು ನೆನೆಸಿ, ಹಲಗೆಯ ಮೇಲೆ ಹಾಸಿ, ಸೂಜಿಮೊನೆಯಿಂದ ಒಂದೊಂದೇ ಸಾಲು ಮುಟ್ಟಿ ಎಣಿಸುವಳು. ಗೋಪಿನಾಥ್ ಅದನ್ನು ಕಾಗದಕ್ಕಿಳಿಸಿ ಗಿರಾಕಿಗೆ ಕೊಡುವನು. ಇವಳು ಹೇಳಿದ್ದೆಷ್ಟೋ, ಆ ಪುಣ್ಯಾತ್ಮ ಬರೆದದ್ದೆಷ್ಟೋ!

ಕುಡಿದ ದಿನ, ಹಾವು ಕಚ್ಚಿದ ದಿನ, ಏನೂ ಆಗದ ದಿನವೂ ಅವನು ಹೆಂಡತಿ ಜಯಪ್ರಿಯಾಳನ್ನು ಹೊಡೆಯುತ್ತಿದ್ದ. ಕುಪ್ಪಮ್ಮನಿಗೆ ಒಬ್ಬಳೇ ಮಗಳು. ಒಮ್ಮೆ ಕೂದಲು ಹಿಡಿದು ಗಾಜಿನ ಪೆಟ್ಟಿಗೆಗೆ ಬಡಿದ, ಹುಬ್ಬಿನ ಮೇಲೆ ಆರು ಹೊಲಿಗೆ ಬಿತ್ತು. ಅಡ್ಡ ಬಂದ ಅತ್ತೆಯನ್ನು ಒದ್ದು ಪಕ್ಕೆಲುಬು ಮುರಿದ. ಬೀದಿಯ ಹಿರಿಯರು ಬಂದು, ಸಂಸಾರ ಅಂದಮೇಲೆ ಇದೆಲ್ಲ ಇದ್ದದ್ದೇ ಎಂದು ಕಾಫಿ ಕುಡಿದು ಹೋದರು. ಥೂ, ಅವರ ಬುದ್ಧಿಗಿಷ್ಟು ಬೆಂಕಿ ಹಾಕ!

ಹೋದ ಆಷಾಢದ, ತಮಿಳರ ಆಡಿ ತಿಂಗಳ, ಒಂದು ಮಧ್ಯಾಹ್ನ ಧಾರಾಪುರದ ಪ್ರಭಾಕರನ್ ಇಬ್ಬರು ಆಳುಗಳೊಂದಿಗೆ ಬಂದ. ಗೋಪಿನಾಥನಿಂದ ಅಸಲಿ ಕೆಂಪುಬಾಲದ ಜೋಡಿಯೆಂದು ಹಾವು ಒಯ್ದಿದ್ದವನು. ಮಾತಿಲ್ಲ ಕತೆಯಿಲ್ಲ, ಬಂದವನೇ ಗೋಪಿನಾಥನ ಬಾಯಿಗೆ ಗುದ್ದಿದ. ಎರಡು ಹಲ್ಲು ಉದುರಿದವು. ಆಳುಗಳು ಕೆಡವಿಕೊಂಡು ಹೊಟ್ಟೆಗೂ ಬೆನ್ನಿಗೂ ಒದ್ದರು. ಪೆಟ್ಟಿಗೆಯೊಂದು ಒಡೆದು, ಹೊರಬಿದ್ದ ಹಾವು ನೆಲದ ರಕ್ತದ ಮೇಲೇ ಹರಿದು ಮೂಲೆ ಸೇರಿತು.

"ಅಸಲೀನೇ ಅಣ್ಣಾ!" ಗೋಪಿನಾಥ್ ತಮಿಳಿನಲ್ಲಿ ಕಿರುಚಿದ. "ಎಣಿಸಿದ್ದು ನಮ್ಮತ್ತೆ! ಅವರನ್ನೇ ಕೇಳಿ!"

ಪ್ರಭಾಕರನ್ ಚೀಲದಿಂದ ತಾನು ಒಯ್ದಿದ್ದ ಹಾವಿನ ಪೊರೆ ತೆಗೆದು ಕುಪ್ಪಮ್ಮನ ಮುಂದಿಟ್ಟ.

"ಎಣ್ಣುಂಗಮ್ಮಾ," ಎಣಿಸಿ ಎಂದು ತಮಿಳಿನಲ್ಲೇ ಹೇಳಿದ. "ನೀವು ಸುಳ್ಳು ಎಣಿಸೋರಲ್ಲ ಅಂತ ಊರೇ ಹೇಳುತ್ತೆ. ಎಂಬತ್ತು ದಾಟಿದ್ರೆ ಇವನ ಕಾಲಿಗೆ ಬಿದ್ದು ಹೋಗ್ತೀನಿ. ದಾಟದಿದ್ರೆ ಒಂದು ಕೈ ಮುರಿದು ಹೋಗ್ತೀನಿ."

ಕುಪ್ಪಮ್ಮ ಪೊರೆ ನೆನೆಸಿ ಹಾಸಿದಳು. ನಲವತ್ತು ದಾಟುವಷ್ಟರಲ್ಲೇ ಈ ಪೊರೆ ಎಂಬತ್ತಕ್ಕೆ ಹೋಗದು ಎಂದು ತಿಳಿದುಹೋಯಿತು. ಒಂದು ಸುಳ್ಳು ಹೇಳಿದರೆ ಅಳಿಯನ ಕೈ ಉಳಿಯುತ್ತದೆ. ಹೇಳದಿದ್ದರೆ ಮಗಳ ಗಂಡ ಮುರಿದ ಕೈ ಹಿಡಿದು ಕೂರುತ್ತಾನೆ. ಕೈ ಉಳಿದರೋ, ಈ ರಾತ್ರಿಯೂ ಮಗಳು ಪೆಟ್ಟು ತಿನ್ನುತ್ತಾಳೆ. ಕುಪ್ಪಮ್ಮನಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಇವನ ಸುಳ್ಳಿಗೆ ಇಷ್ಟು ದಿನ ತನ್ನ ಹೆಸರು ಹೊದಿಸಿದ್ದನಲ್ಲ, ಪಾಪಿ!

ಪ್ರಭಾಕರನಿಗೆ ತಿಳಿಯದಿರಲೆಂದು ಗೋಪಿನಾಥ್ ಮನೆಮಾತು ಕನ್ನಡದಲ್ಲಿ ಗೋಗರೆದ: "ಅತ್ತೇ, ಜಾಸ್ತಿ ಹೇಳಿ ಅತ್ತೇ! ನಿಮ್ಮ ದಮ್ಮಯ್ಯ!"

ಅಡುಗೆಮನೆಯ ಬಾಗಿಲಲ್ಲಿ ಜಯಪ್ರಿಯಾ ನಿಂತಿದ್ದಳು. ಹಿಂದಿನ ದಿನದ ಹೊಡೆತಕ್ಕೆ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ತಾಯಿ ಅವಳತ್ತ ತಿರುಗಿದಳು.

"ನಾ ಏನಂತ ಹೇಳ್ಲಿ ಮಗಾ?"

"ಎಷ್ಟಿದ್ಯೋ ಅಷ್ಟೇ ಹೇಳಮ್ಮಾ," ಎಂದಳು ಜಯಪ್ರಿಯಾ.

ಕುಪ್ಪಮ್ಮ ಕೊನೆಯ ಸಾಲಿನವರೆಗೂ ಎಣಿಸಿದಳು. ಸೂಜಿ ಕೆಳಗಿಟ್ಟು, ಪ್ರಭಾಕರನಿಗೆ ತಮಿಳಿನಲ್ಲೇ ಹೇಳಿದಳು: "ಎಪ್ಪತ್ತೊಂದು."

ಗೋಪಿನಾಥ್ ಹೋ ಎಂದು ಊಳಿಟ್ಟ. ಒಬ್ಬ ಆಳು ಎದೆಯ ಮೇಲೆ ಮಂಡಿಯೂರಿ ಅವನ ಬಲಗೈಯನ್ನು ಕಲ್ಲಿನ ಹೊಸ್ತಿಲ ಮೇಲೆ ಅದುಮಿ ಹಿಡಿದ. ಇನ್ನೊಬ್ಬ ಕಬ್ಬಿಣದ ಸರಳು ಎತ್ತಿದ.

"ಅದಲ್ಲಪ್ಪಾ," ಎಂದಳು ಕುಪ್ಪಮ್ಮ. "ಅವ ನನ್ನ ಮಗಳಿಗೆ ಹೊಡೆಯೋದು ಎಡಗೈಲಿ."