ಬಾನೆಟ್ಟಿನೊಳಗೆ ಒಂದು ಹಿಡಿ ಪುರಿ

ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಮ್ಮ ಪೀಣ್ಯದ ಗಾರ್ಮೆಂಟ್ಸಿನಲ್ಲಿ ಇಪ್ಪತ್ತಮೂರು ವರ್ಷ ಶರ್ಟಿಗೆ ಕಾಲರ್ ಹೊಲಿದು ನನ್ನನ್ನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿಸಿದಳು. ಅವಳ ಫ್ಯಾಕ್ಟರಿಯಿಂದ ನಾಲ್ಕು ರಸ್ತೆ ಆಚೆ, ಯಂತ್ರದ ಬಿಡಿಭಾಗ ತಯಾರಿಸುವ ಕಂಪನಿಯ ಕ್ವಾಲಿಟಿ ವಿಭಾಗದಲ್ಲಿ ನನಗೆ ಕೆಲಸ ಸಿಕ್ಕಿದಾಗ ಅವಳು ಅತ್ತು, ಕಣ್ಣೊರೆಸಿಕೊಂಡು, "ಹೋಗಿ ಹೋಗಿ ಕ್ವಾಲಿಟಿಯೋರ ಜೊತೆ ಸೇರ್ಕೊಂಡ್ಯಲ್ಲೇ. ನನ್ನ ಕಾಲರ್‌ನೆಲ್ಲ ವಾಪಸ್ ಕಳ್ಸೋರೇ ಅವರು" ಎಂದಳು.

ಕಾರು ತೆಗೆದುಕೊಂಡದ್ದು ಆಮೇಲೆ, ದಸರಾಕ್ಕೆ ಸ್ವಲ್ಪ ಮುಂಚೆ. ಬಿಳಿ ಬಣ್ಣದ ಸೆಕೆಂಡ್ ಹ್ಯಾಂಡ್ ಕಾರು. ಪೀಣ್ಯದ ಲಾರಿಗಳ ನಡುವೆ ಅದನ್ನು ದಿನಾ ಓಡಿಸುವ ಧೈರ್ಯ ನನಗಿರಲಿಲ್ಲ. ಕೆಲಸಕ್ಕೆ ಸ್ಕೂಟರಿನಲ್ಲಿ ಹೋಗುತ್ತಿದ್ದೆ, ಕಾರು ಹೊರಗೆ ಬರುತ್ತಿದ್ದದ್ದು ಭಾನುವಾರ ಮಾತ್ರ. ಉಳಿದ ದಿನವೆಲ್ಲ ಅದು ಮನೆ ಓನರ್ ಅಜ್ಜಿಯ ಹಳೆಯ ಕೊಟ್ಟಿಗೆಯಲ್ಲಿ ನಿಂತಿರುತ್ತಿತ್ತು. ಅಜ್ಜಿ ಇಲ್ಲಿನ ಮೂಲದವರು. ಅವರ ಹೊಲದ ಮೇಲೆಯೇ ಈಗ ನಮ್ಮ ಬೀದಿ ಇದೆ. ಹಸುಗಳು ಹೋಗಿ ಎಷ್ಟೋ ಕಾಲವಾಗಿದ್ದರೂ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ರಾಗಿ ಮೂಟೆಗಳು ಇನ್ನೂ ಇದ್ದವು.

ಕಾರು ಬಂದ ದಿನವೇ ಅಮ್ಮ ಒಂದು ಮಾತು ಹೇಳಿಟ್ಟಿದ್ದಳು. ಡಿಸೆಂಬರಿನಲ್ಲಿ ಅವಳ ನಿವೃತ್ತಿ. "ಕೊನೇ ದಿನ ನನ್ನನ್ನ ಕಾರಲ್ಲಿ ಕರ್ಕೊಂಡೋಗಿ ಗೇಟ್ ಹತ್ರ ಇಳಿಸ್ಬೇಕು ಕಣೆ. ನಮ್ಮ ಹೊಲಿಗೆ ಲೈನ್‌ನೋರೆಲ್ಲ ನೋಡ್ಬೇಕು." ಅಮ್ಮ ನನ್ನ ಹತ್ತಿರ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೊಂದೇ.

ಆಯುಧಪೂಜೆಯ ದಿನ ಕಾರಿಗೆ ಬೂದುಗುಂಬಳ ಒಡೆದು, ಚಕ್ರಕ್ಕೆ ನಿಂಬೆಹಣ್ಣಿಟ್ಟೆವು. ಅದಾಗಿ ಹದಿನೈದು ದಿನಕ್ಕೆ ಕಾರು ಕೆಮ್ಮತೊಡಗಿತು. ನಮ್ಮ ಬೀದಿಯ ಕೊನೆಯ ಮೆಕ್ಯಾನಿಕ್ ಬಾನೆಟ್ ಎತ್ತಿ, ತುದಿ ಕತ್ತರಿಸಿಹೋಗಿದ್ದ ಒಂದು ವೈರನ್ನು ನನ್ನ ಮುಂದೆ ಹಿಡಿದ.

"ಇಲಿ ಮೇಡಂ. ಬಾನೆಟ್ ತೆಗ್ದು ನೋಡ್ತಾ ಇರ್ಬೇಕು ಆಗಾಗ."

"ನಾನೂ ಮೆಕ್ಯಾನಿಕಲ್ ಇಂಜಿನಿಯರ್ರೇ" ಎಂದೆ, ಸ್ವಲ್ಪ ಬಿಗುವಿನಿಂದ.

"ಅದಕ್ಕೇ ನೋಡಿಲ್ಲ ಬಿಡಿ" ಎಂದು ಅವನು ಟೇಪು ಸುತ್ತಿದ.

ಅಲ್ಲಿಂದ ಯುದ್ಧ ಶುರುವಾಯಿತು. ಎಂಜಿನ್ನಿನ ಸಂದಿಯಲ್ಲಿ ಹೊಗೆಸೊಪ್ಪು ಕಟ್ಟಿದೆ. ಸೀಟಿನ ಕೆಳಗೆ ನುಸಿಗುಳಿಗೆ ಹಾಕಿದೆ. ಯಾವುದೋ ಸ್ಪ್ರೇ ತಂದು ಹೊಡೆದೆ. ಕಾರಿನೊಳಗೆ ಹಳೆಯ ಟ್ರಂಕಿನ ವಾಸನೆ ಬಂದದ್ದೇ ಬಂತು, ಇಲಿಗಳಿಗೆ ಏನೂ ಆಗಲಿಲ್ಲ. ಕಬ್ಬಿಣದ ಜಾಲರಿ ತಂದು ಕೆಳಗಿನಿಂದ ಕಟ್ಟಲು ಹೋದೆ. ನಾನು ಕಟ್ಟಿದ ಜಾಲರಿಯಲ್ಲಿ ಬೆಕ್ಕು ಕೂಡ ನುಗ್ಗಬಹುದಿತ್ತು, ಬಿಚ್ಚಿ ಮೂಲೆಗಿಟ್ಟೆ. ಬೋನಿಗೆ ಸಿಕ್ಕಿಸಿದ ಕೊಬ್ಬರಿ ಚೂರು ಒಣಗಿ ಕಪ್ಪಾಯಿತು, ಒಂದು ಇಲಿಯೂ ಮೂಸಲಿಲ್ಲ. ವೈರು ಮಾತ್ರ ಮತ್ತೆ ತುಂಡಾಗಿತ್ತು.

"ಇವಕ್ಕೆ ಬೇರೆ ಎಲ್ಲೋ ಊಟ ಆಗ್ತಿದೆ ಮೇಡಂ" ಎಂದ ಮೆಕ್ಯಾನಿಕ್.

ಎಲ್ಲಿ ಎಂದು ನನಗೆ ಅನುಮಾನವೇ ಇರಲಿಲ್ಲ. ನೇರ ಓನರ್ ಅಜ್ಜಿಯ ಬಳಿ ಹೋಗಿ, "ಅಜ್ಜಿ, ನಿಮ್ಮ ರಾಗಿ ಮೂಟೆಯಿಂದಾನೇ ಇಷ್ಟೆಲ್ಲ ಆಗ್ತಿರೋದು" ಎಂದೆ.

ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದವರು ತಲೆ ಎತ್ತಲಿಲ್ಲ. "ರಾಗಿ ನಮ್ಮತ್ತೆ ಕಾಲ್ದಿಂದ ಅಲ್ಲೇ ಐತೆ ಕಣವ್ವ. ಇಲಿ ಬಂದಿದ್ದು ನಿನ್ ಕಾರ್ ಬಂದ್ಮೇಲೆ. ನಾನೇ ನಿನ್ನ ಕೇಳ್ಬೇಕು ಅಂತಿದ್ದೆ."

ಅಮ್ಮನ ಕೊನೆಯ ದಿನ ಒಂದು ಶನಿವಾರ ಬಂತು. ನಾನು ರಜೆ ಹಾಕಿದ್ದೆ. ಹಿಂದಿನ ದಿನ ಶುಕ್ರವಾರ ಬೇಗ ಮನೆಗೆ ಬಂದು, ಕಾರು ತೊಳೆಯೋಣವೆಂದು ಕೀ ತಿರುಗಿಸಿದರೆ ಉಸಿರೇ ಇಲ್ಲ. ಮೆಕ್ಯಾನಿಕ್ಕನ್ನು ಕೊಟ್ಟಿಗೆಗೇ ಕರೆತಂದೆ. ಅಷ್ಟರಲ್ಲಿ ಅಮ್ಮನೂ ಕೆಲಸ ಮುಗಿಸಿ ಬಂದು, ಬುತ್ತಿ ಚೀಲ ಹಿಡಿದು ಬಾಗಿಲಲ್ಲಿ ನಿಂತಳು.

ಮೆಕ್ಯಾನಿಕ್ ಬಾನೆಟ್ ಎತ್ತಿದ. ಎಂಜಿನ್ನಿನ ಮೇಲೆ ಕುಂಕುಮದ ಬೊಟ್ಟು, ಒಂದು ಸೇವಂತಿಗೆ. ಪಕ್ಕದಲ್ಲಿ ಪುರಿ, ಅರ್ಧ ಕಡಿದ ಬತ್ತಾಸು. ಅವನು ಏರ್ ಫಿಲ್ಟರಿನ ಮುಚ್ಚಳ ತೆಗೆದ. ಒಳಗೆ, ಬಟ್ಟೆ ಚೂರುಗಳ ಹಾಸಿಗೆಯಲ್ಲಿ, ಕಣ್ಣು ಬಿಡದ ನಾಲ್ಕು ಮರಿ. ಕಾರು ಒರೆಸಲು ಅಮ್ಮ ಫ್ಯಾಕ್ಟರಿಯಿಂದ ತಂದುಕೊಟ್ಟಿದ್ದ ಬಿಳಿ ಕಟ್ ಪೀಸುಗಳು ಅವು.

"ಬಾಣಂತಿಗೆ ಊಟ ಕೊಟ್ಟಿರೋರು ಯಾರು ಮೇಡಂ?" ಎಂದ.

"ನಾನೇ" ಎಂದಳು ಅಮ್ಮ.

ಫ್ಯಾಕ್ಟರಿಯಲ್ಲಿ ಆಯುಧಪೂಜೆಗೆ ಪ್ರತಿ ಹೊಲಿಗೆ ಯಂತ್ರಕ್ಕೂ ಸೂಜಿಯ ಬುಡದಲ್ಲೇ ಪುರಿ ಇಡುತ್ತಾರೆ. ಅಮ್ಮ ಪ್ರತಿ ಶುಕ್ರವಾರವೂ ನಾಲ್ಕು ಕಾಳು ಇಡುತ್ತಿದ್ದಳಂತೆ. ಇಪ್ಪತ್ತಮೂರು ವರ್ಷದಲ್ಲಿ ಅವಳ ಬೆರಳಿಗೆ ಒಮ್ಮೆಯೂ ಸೂಜಿ ಹೊಕ್ಕಿಲ್ಲ. ಕಾರಿನಲ್ಲಿ ಯಂತ್ರ ಇರುವುದು ಬಾನೆಟ್ಟಿನೊಳಗೆ. ಅದಕ್ಕೆ, ನಾನು ಏಳಕ್ಕೆ ಡ್ಯೂಟಿಗೆ ಹೋದ ಮೇಲೆ, ತಾನು ಹೊರಡುವ ಮುಂಚೆ, ಶುಕ್ರವಾರ ಶುಕ್ರವಾರ ಅಲ್ಲೇ ಪೂಜೆ. ಭಾನುವಾರ ನಾನು ನೋಡುವ ಹೊತ್ತಿಗೆ ಇಲಿಗಳು ಹೂವು ಸಮೇತ ತಟ್ಟೆ ಬಳಿದಿಟ್ಟಿರುತ್ತಿದ್ದವು. ಉಳಿದ ಕುಂಕುಮ ಆಯುಧಪೂಜೆಯದೇ ಎಂದುಕೊಂಡಿದ್ದೆ.

"ಮೊದಲ್ನೇ ಸಲ ಕೆಟ್ಟಾಗ ಪೂಜೆ ಸಾಲ್ಲಿಲ್ಲ ಅನ್ನಿಸ್ತು. ಬತ್ತಾಸೂ ಸೇರಿಸ್ದೆ" ಎಂದಳು.

"ನನಗೆ ಒಂದ್ ಮಾತು ಹೇಳ್ಬಾರ್ದಾ?"

"ಹೇಳಿದ್ರೆ ನಗ್ತಿದ್ದೆ."

ನಗುತ್ತಿದ್ದೆ, ಸುಳ್ಳಲ್ಲ. ಮನೆಯಲ್ಲಿ ಓದಿದವಳು ಒಬ್ಬಳೇ ಇದ್ದರೆ ಅವಳ ನಗುವಿಗೆ ಉಳಿದವರು ಹೆದರುತ್ತಾರೆ. ಅದು ಆ ದಿನದವರೆಗೂ ನನ್ನ ಗಮನಕ್ಕೆ ಬಂದಿರಲಿಲ್ಲ.

ವೈರಿನ ಸೆಟ್ ಜೆ.ಸಿ. ರೋಡಿನಿಂದ ತರಬೇಕು, ನಾಳೆ ಮಧ್ಯಾಹ್ನದ ಮೇಲೇ ಎಂದ ಮೆಕ್ಯಾನಿಕ್. ಅಮ್ಮ ಬೆಳಿಗ್ಗೆ ಒಂಬತ್ತಕ್ಕೆ ಗೇಟಿನಲ್ಲಿರಬೇಕು. "ಆಗ್ಲಿ ಬಿಡಪ್ಪ" ಎಂದಳು. ಗೂಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ತಿರುಗಿಸಿ ನೋಡಿ, "ಎಷ್ಟು ನೀಟಾಗಿ ಹಾಸಿದೆ ನೋಡೆ" ಎಂದು ಹಿತ್ತಲ ಕಲ್ಲುಗುಡ್ಡೆಯ ಸಂದಿಯಲ್ಲಿ ಇಟ್ಟು ಬಂದಳು. ಅಜ್ಜಿ ಕಿಟಕಿಯಿಂದಲೇ, "ನನ್ ರಾಗಿ ಅತ್ರಾನೇ ತಂದು ಮಡಗಿದ್ರಾ" ಎಂದು ಗೊಣಗಿದರು. ಅವರ ಕಡೆ ಮುಖ ಎತ್ತಿ ನೋಡಲು ನನಗೆ ಆಗಲಿಲ್ಲ.

ಅಮ್ಮ ಕೈ ತೊಳೆದು ನನ್ನ ಹಳೆಯ ಜಾಲರಿಯನ್ನು ಎಳೆದುಕೊಂಡಳು. ತೆಳು ತಂತಿ, ಇಕ್ಕಳ ಕೇಳಿದಳು. ಎಂಜಿನ್ನಿಗೆ ಗಾಳಿ ಹೋಗುವ ಕಡೆ, ಕೆಳಗಿನ ಸಂದಿಗಳು, ಎಲ್ಲೆಲ್ಲಿ ಎಂದು ಮೆಕ್ಯಾನಿಕ್ ತೋರಿಸುತ್ತ ಹೋದ. ಅವಳು ಅಳತೆಗೆ ಕತ್ತರಿಸಿ, ಅಂಚು ಮಡಚಿ, ಕಾಲರಿಗೆ ಹಾಕುವ ಹಾಗೆ ತಂತಿಯಲ್ಲಿ ಒತ್ತೊತ್ತಾಗಿ ಹೊಲಿದುಕೊಟ್ಟಳು. ಅವನು ಮಲಗಿಕೊಂಡು ಕೂರಿಸಿದ. ನಾನು ಟಾರ್ಚ್ ಹಿಡಿದು ಬೆಂಕಿಕಡ್ಡಿಯಲ್ಲಿ ಒಂದೊಂದು ಅಂಚನ್ನೂ ತಿವಿದು ನೋಡಿದೆ. ವಾಪಸ್ ಕಳಿಸುವಂಥದ್ದು ಏನೂ ಸಿಗಲಿಲ್ಲ.

ಶನಿವಾರ ಬೆಳಿಗ್ಗೆ ಅವಳ ಜೊತೆ ನಡೆದೇ ಹೋದೆ. ಅವಳ ದಾರಿಯಲ್ಲಿ ನಾನು ನಡೆದದ್ದು ಅದೇ ಮೊದಲು. ಚರಂಡಿಯ ಕಲ್ಲು ಅಲ್ಲಾಡುವ ಕಡೆ ನೋಡದೆಯೇ ಪಕ್ಕಕ್ಕೆ ಹೆಜ್ಜೆ ಇಡುತ್ತಿದ್ದಳು. ನಿಂತಿದ್ದ ಒಂದು ಕಂಪನಿ ಬಸ್ಸಿನ ಗಾಜಿನಲ್ಲಿ ಸೆರಗು ಸರಿಮಾಡಿಕೊಂಡಳು. ದಿನಾ ಅದೇ ಬಸ್ಸಂತೆ. ಗೇಟಿನಲ್ಲಿ ಗೆಳತಿಯರು ಕಾದಿದ್ದರು.

"ಎಲ್ಲಕ್ಕಾ ನಿನ್ನ ಕಾರು?"

"ಅದ್ರಲ್ಲಿ ಬಾಣಂತಿ ಇದ್ಲು ಕಣ್ರೇ" ಎಂದು ಅಮ್ಮನೇ ನಕ್ಕಳು. ಒಳಗೆ ಹೋಗುವಾಗ ಮಾತ್ರ ಒಮ್ಮೆ ರಸ್ತೆಯ ಕಡೆ ತಿರುಗಿ ನೋಡಿದಳು.

ನಾಲ್ಕು ಗಂಟೆಗೆ ಕಾರು ಸಿದ್ಧವಾಯಿತು. ಐದೂವರೆಗೆ ಗೇಟಿನ ಎದುರಿಗೇ ತಂದು ನಿಲ್ಲಿಸಿದೆ. ಬೆಳಿಗ್ಗೆ ಒಬ್ಬೊಬ್ಬರಾಗಿ ಒಳಗೆ ಹೋಗುವವರು ಸಂಜೆ ಒಂದೇ ಸಲಕ್ಕೆ ಹೊರಗೆ ಬರುತ್ತಾರೆ ಎಂಬುದು ನನಗೆ ಹೊಳೆದಿರಲಿಲ್ಲ. ಗೇಟು ತೆರೆದಾಗ ಇಡೀ ಫ್ಯಾಕ್ಟರಿಯೇ ರಸ್ತೆಗೆ ಬಂತು. ಕೊರಳಲ್ಲಿ ಹಾರ ಹಾಕಿಕೊಂಡಿದ್ದ ಅಮ್ಮ ಜನದ ನಡುವೆ ಕಾರನ್ನು ಹುಡುಕಿ, ಆತುರವಿಲ್ಲದೆ ನಡೆದು ಬಂದು, ಮುಂದಿನ ಸೀಟಿನಲ್ಲಿ ಕುಳಿತಳು. ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದಳು. ಲೈನಿನ ಮೂವರು ಗೆಳತಿಯರು ಹಿಂದೆ ತೂರಿಕೊಂಡು ಸೀನತೊಡಗಿದರು.

"ಇದೇನಕ್ಕಾ, ಹೊಗೆಸೊಪ್ಪಿನ್ ಅಂಗ್ಡಿ ಇಟ್ಟಿದೀಯಾ?"

ಅಮ್ಮ ಚೀಲದಿಂದ ಒಂದು ಪೊಟ್ಟಣ ತೆಗೆದಳು. ಪುರಿ.

"ಅಮ್ಮಾ, ಬಾನೆಟ್ ತೆಗೆಯಲ್ಲ ನಾನು."

"ಬಾನೆಟ್‌ಗಲ್ಲ, ನಿನಗೆ. ಮಧ್ಯಾಹ್ನದಿಂದ ಆ ಮೆಕ್ಯಾನಿಕ್ ಜೊತೆ ನಿಂತಿದ್ದೀಯ, ಏನೂ ತಿಂದಿರಲ್ಲ. ಓಡ್ಸೋಳು ನೀನು ತಾನೇ?"

ಹಿಂದೆ ಲಾರಿಯೊಂದು ಹಾರ್ನ್ ಮಾಡುತ್ತಿತ್ತು. ಎಡಗೈ ಚಾಚಿ ಪುರಿ ಹಾಕಿಸಿಕೊಂಡು, ಅಷ್ಟನ್ನೂ ಬಾಯಿಗೆ ತುಂಬಿಕೊಂಡು, ಕೀ ತಿರುಗಿಸಿದೆ.