ಅಂಪೈರ್ ರಾಮಾಂಜಿನಪ್ಪನವರ ಕಣ್ಣು

ಕಗ್ಗದಾಸಪುರದ ರಾಮಾಂಜಿನಪ್ಪನವರಿಗೆ ಕಂಡರಾಗದ ಜನವೆಂದರೆ ಕುಳಿತಲ್ಲೇ ಮಾರ್ಕ್ಸ್ ಹಾಕುವವರು. ಹಾಗೆ ನೋಡಿದರೆ ಅವರಿಗೆ ಹಿಡಿಸುವ ಜನವೂ ಹೆಚ್ಚಿರಲಿಲ್ಲ. ಬಾಡಿಗೆಗೆ ಬಂದ ಕಂಪ್ಯೂಟರ್ ಹುಡುಗರು ಸೋಂಬೇರಿಗಳು, ಬೀಗರು ಜಿಪುಣರು, ಪಕ್ಕದ ಮನೆಯವರು ಹೊಟ್ಟೆಕಿಚ್ಚಿನವರು. ಅಪ್ಪನ ಕಾಲದ ರಾಗಿ ಹೊಲದಲ್ಲಿ ಮೂರಂತಸ್ತಿನ ಮನೆ ಎದ್ದು, ಬಾಡಿಗೆ ತಾನಾಗಿ ಬಂದು ಬೀಳತೊಡಗಿದ ಮೇಲೆ ಅವರಿಗೆ ಉಳಿದ ಕೆಲಸ ಎರಡೇ. ತಾರಸಿಯ ಮೇಲೆ ಪಾರಿವಾಳ ಸಾಕುವುದು, ಕೆಳಗಿಳಿದು ಬಂದು ಊರವರನ್ನು ಆಡಿಕೊಳ್ಳುವುದು. ಎರಡನೆಯದನ್ನು ಅವರು ಹೆಚ್ಚು ಶ್ರದ್ಧೆಯಿಂದ ಮಾಡುತ್ತಿದ್ದರು.

ಎರಡು ಸಾವಿರದ ಎರಡನೇ ಇಸವಿಯ ಫೆಬ್ರವರಿಯಲ್ಲಿ ಅವರ ನಾಲಿಗೆಗೆ ಹೊಸ ಮೇವು ಸಿಕ್ಕಿತು. ಅಮೆರಿಕದಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಯುತ್ತಿತ್ತು. ಮೊಮ್ಮಗಳು ಭವ್ಯ ಕಾಲೇಜಿಗೆ ಹೊರಡುವ ಮುಂಚೆ ಕೇಬಲ್ಲಿನಲ್ಲಿ ಅದನ್ನು ಹಾಕಿಕೊಂಡು ದೋಸೆ ತಿನ್ನುತ್ತಿದ್ದಳು. ರಾಮಾಂಜಿನಪ್ಪನವರು ಕುರ್ಚಿಯನ್ನು ಟಿವಿಯ ಮೂತಿಗೇ ಎಳೆದುಕೊಂಡು ಕೂರುತ್ತಿದ್ದರು.

"ಎಷ್ಟು ಕೊಟ್ರಮ್ಮ ಆ ಹುಡುಗಿಗೆ?"

"ಐದು ಪಾಯಿಂಟ್ ಏಳು, ತಾತ. ಒಬ್ರು ಐದು ಪಾಯಿಂಟ್ ಎಂಟು ಕೊಟ್ಟಿದಾರೆ."

"ಆ ಪಾಯಿಂಟ್ ಒಂದು ಎಲ್ಲಿಂದ ಬಂತು? ಸೀರೆ ಚೆನ್ನಾಗಿತ್ತು ಅಂತಾನಾ?"

"ಅದು ಸೀರೆ ಅಲ್ಲ ತಾತ."

"ಏನಾದ್ರೂ ಆಗ್ಲಿ. ಐಸ್ ಮೇಲೆ ಬುಗುರಿ ಥರ ತಿರುಗಿದ್ಲು, ಕೈ ಮೇಲೆತ್ತಿದ್ಲು, ಅತ್ಲು. ಇದಕ್ಕೆ ಇಷ್ಟು ಜನ ಕೋಟು ಹಾಕ್ಕೊಂಡು ಕೂತು ಮಾರ್ಕ್ಸ್ ಹಾಕ್ಬೇಕು. ಥೂ!"

ಆ ವಾರ ಜೋಡಿ ಸ್ಕೇಟಿಂಗಿನ ತೀರ್ಪಿನ ಬಗ್ಗೆ ದೊಡ್ಡ ಗಲಾಟೆಯಾಗಿ, ಕೊನೆಗೆ ಎರಡು ಜೋಡಿಗೂ ಚಿನ್ನ ಕೊಟ್ಟರೆಂದು ಪೇಪರಿನಲ್ಲಿ ಬಂತು. ಭವ್ಯ ಓದಿ ಹೇಳಿದಾಗ ರಾಮಾಂಜಿನಪ್ಪನವರಿಗೆ ಹಬ್ಬವಾಯಿತು. "ಮದುವೆ ಮನೆ ತಾಂಬೂಲನಾ ಅದು, ಬಂದೋರಿಗೆಲ್ಲ ಕೊಟ್ಟು ಕಳ್ಸೋಕೆ?" ಎಂದು ಮೂರು ದಿನ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು. ಕಲ್ಲು ಜಾರಿಸಿ ಅದರ ಮುಂದೆ ಪರಕೆ ಆಡಿಸುವ ಆಟ ಬಂದಾಗ, ಆ ಮೆಡಲನ್ನು ಮನೆ ಕೆಲಸದ ಮಂಜುಳಮ್ಮನಿಗೆ ಕೊಟ್ಟರೆ ನ್ಯಾಯವೆಂದರು. ಎಲ್ಲಕ್ಕಿಂತ ಅವರ ಮೈ ಉರಿಸಿದ್ದು ಸ್ಕೀ ಕಟ್ಟಿಕೊಂಡು ಗುಡ್ಡದಿಂದ ಹಾರುವವರ ಆಟ.

"ಹಾರಿದ. ಎಷ್ಟು ದೂರ ಹಾರಿದ ಅಂತ ಅಳೆದ್ರು. ಅಲ್ಲಿಗೆ ಮುಗೀಬೇಕು ತಾನೆ? ಇಲ್ಲ, ಹಾರುವಾಗ ಚೆನ್ನಾಗಿ ಕಾಣ್ತಿದ್ನಾ ಅಂತ ಮತ್ತೆ ಮಾರ್ಕ್ಸ್. ಇವ್ರೇನು ಗಂಡು ನೋಡೋಕೆ ಬಂದಿದಾರಾ?"

ಅದೂ ಸಾಲದೆಂಬಂತೆ ಸರಿಯಾಗಿ ಅಂಕ ಬರುವ ಹೊತ್ತಿಗೆ ಟಿವಿಯವರು ಜಾಹೀರಾತು ಹಾಕುತ್ತಿದ್ದರು. ಬಿದ್ದವನನ್ನು ನಿಧಾನಗತಿಯಲ್ಲಿ ಮತ್ತೆ ಮತ್ತೆ ಬೀಳಿಸುತ್ತಿದ್ದರು. ಗಡಿಯಾರದ ವಿರುದ್ಧ ಓಡುವ ಸ್ಕೇಟಿಂಗ್ ಒಂದು ಮಾತ್ರ ಅವರ ಪ್ರಕಾರ ಗಂಡಸರ ಆಟ.

"ನಿಮ್ಮ ಪಾರಿವಾಳದ ಪಂದ್ಯಕ್ಕೂ ಅಂಪೈರ್ ಇರ್ತಾರಲ್ಲ ತಾತ?" ಎಂದು ಭವ್ಯ ಒಮ್ಮೆ ಕೆಣಕಿದಳು.

"ಅಂಪೈರ್ ಮಾರ್ಕ್ಸ್ ಹಾಕಲ್ಲ ಕಣಮ್ಮ, ನೋಡ್ತಾನೆ. ಕಂಡ್ರೆ ಕಂಡ್ತು, ಇಲ್ಲಾಂದ್ರೆ ಇಲ್ಲ. ಅದ್ರಲ್ಲಿ ಅಭಿಪ್ರಾಯ ಎಲ್ಲಿಂದ ಬಂತು?"

ಪಾರಿವಾಳದ ಪಂದ್ಯದ ಕಾನೂನು ಅಷ್ಟೇ. ಬೆಳಿಗ್ಗೆ ಒಂದೇ ಹೊತ್ತಿಗೆ ಅವರವರ ತಾರಸಿಯಿಂದ ಹಕ್ಕಿಗಳನ್ನು ಬಿಡುತ್ತಾರೆ. ಯಾರ ಹಕ್ಕಿ ಹೆಚ್ಚು ಹೊತ್ತು ಆಕಾಶದಲ್ಲಿ ನಿಂತು ತನ್ನ ತಾರಸಿಗೇ ಇಳಿಯುತ್ತದೋ ಅವನು ಗೆದ್ದ. ತಾರಸಿಗೊಬ್ಬ ಅಂಪೈರ್ ಕೂತು ಗಂಟೆಗೊಮ್ಮೆಯಾದರೂ ಅದನ್ನು ಕಣ್ಣಾರೆ ನೋಡಬೇಕು, ಕಾಣದಿದ್ದರೆ ಔಟ್. ಶಿವಾಜಿನಗರ, ಹಲಸೂರಿನ ಕಡೆಯ ಪಂದ್ಯಗಳಿಗೆ ರಾಮಾಂಜಿನಪ್ಪನವರು ಬಹಳ ವರ್ಷಗಳಿಂದ ಅಂಪೈರ್. ಅವರು ಎಲ್ಲರನ್ನೂ ಒಂದೇ ಸಮನಾಗಿ ತಾತ್ಸಾರ ಮಾಡುತ್ತಿದ್ದುದರಿಂದ ಪಕ್ಷಪಾತದ ಮಾತೇ ಬರುತ್ತಿರಲಿಲ್ಲ.

ಆದರೆ ಒಂದು ವರ್ಷದಿಂದ ಅವರ ಎರಡು ಕಣ್ಣಿಗೂ ಪೊರೆ ಬಂದಿತ್ತು. ಇದನ್ನು ಅವರು ಹೆಂಡತಿ ಆಂಜನಮ್ಮನಿಗೂ ಹೇಳಿರಲಿಲ್ಲ. ಹೇಳಿದರೆ ಆಪರೇಷನ್ ಅನ್ನುತ್ತಾರೆ. ಸುದ್ದಿ ಶಿವಾಜಿನಗರಕ್ಕೆ ಮುಟ್ಟುತ್ತದೆ, ಅಲ್ಲಿಗೆ ಅಂಪೈರಿಕೆ ಮುಗಿಯಿತು. ಬಾಡಿಗೆ ಎಣಿಸುವ ಮುದುಕರು ಕಗ್ಗದಾಸಪುರದಲ್ಲಿ ಬೀದಿಗೆ ಹತ್ತು ಜನ ಇದ್ದಾರೆ. ತಾರಸಿಯ ಮೇಲೆ ಕುರ್ಚಿ ಹಾಕಿ ಕೂರಿಸಿ, ಟೀ ತರಿಸಿಕೊಟ್ಟು, ಆಡಿದ ಮಾತಿಗೆ ತಲೆಬಾಗುವ ಜನ ಬೇರೆಲ್ಲಿ ಸಿಗಬೇಕು?

ಆ ತಿಂಗಳ ಕೊನೆಯ ಭಾನುವಾರ ಫೈನಲ್. ಉಳಿದಿದ್ದ ಹಕ್ಕಿಗಳು ಎರಡು. ಒಂದು ಹಲಸೂರಿನದು, ಇನ್ನೊಂದು ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಹಣ್ಣಿನಂಗಡಿ ಇಟ್ಟಿದ್ದ ಚಾಂದ್ ಪಾಷಾನದು. ಚಾಂದ್ ಪಾಷಾ ರಾಮಾಂಜಿನಪ್ಪನವರ ಹಳೆಯ ಸ್ನೇಹಿತ. ಇಪ್ಪತ್ತು ವರ್ಷದಿಂದ ಹಕ್ಕಿ ಹಾರಿಸುತ್ತಿದ್ದರೂ ಒಂದು ಸಲವೂ ಕಪ್ ಮುಟ್ಟಿದವನಲ್ಲ. ಸ್ನೇಹಿತರೆಂದು ಗೊತ್ತಿದ್ದರೂ ಪಂದ್ಯದ ಕಮಿಟಿಯ ಕಾರ್ಯದರ್ಶಿ ಲತೀಫ್ ಅವನ ತಾರಸಿಗೆ ರಾಮಾಂಜಿನಪ್ಪನವರನ್ನೇ ಹಾಕಿದ. ಹಲಸೂರಿನವರೂ ತಕರಾರೆತ್ತಲಿಲ್ಲ.

ಬೆಳಗಿನ ಹೊತ್ತು ಹಕ್ಕಿ ಕೆಳಗೇ ಸುತ್ತುತ್ತಿತ್ತು, ಮಬ್ಬಾಗಿಯಾದರೂ ಕಂಡಿತು. ಬಿಸಿಲೇರಿದ ಮೇಲೆ ಅವರ ಪಾಲಿಗೆ ಆಕಾಶವೆಲ್ಲ ಸುಣ್ಣ ಬಳಿದ ಗೋಡೆಯಂತಾಯಿತು. ಇದಕ್ಕೆ ಅವರು ಉಪಾಯವೊಂದನ್ನು ರೂಢಿ ಮಾಡಿಕೊಂಡಿದ್ದರು. ಗಂಟೆಯಾದಾಗ ಚಾಂದ್ ಪಾಷಾ ಕೈ ತೋರಿಸುತ್ತಿದ್ದ. ಇವರು ಆ ಬೆರಳಿನ ನೇರಕ್ಕೆ ಕತ್ತೆತ್ತಿ, ಸ್ವಲ್ಪ ಹೊತ್ತು ಬಿಟ್ಟು, "ಕಾಣ್ತು ಬಿಡಯ್ಯ, ನಾನೇನು ಕುರುಡನಾ?" ಎಂದು ಗದರಿ ಚೀಟಿಯಲ್ಲಿ ಗುರುತು ಹಾಕುತ್ತಿದ್ದರು. ಚಾಂದ್ ಪಾಷಾ ಸುಳ್ಳು ಬೆರಳು ತೋರಿಸುವವನಲ್ಲವಾದ್ದರಿಂದ ಅದು ಸಾಯಂಕಾಲದವರೆಗೂ ನಡೆಯಿತು.

ಐದಕ್ಕೆ ಸ್ವಲ್ಪ ಮುಂಚೆ, ಸಂಜೆಯ ಅಸರ್ ನಮಾಜಿಗೆ ಕೂಗಾಯಿತು. "ಅಣ್ಣಾ, ಮಸೀದಿಗೆ ಹೋಗಿ ಬಂದ್ಬಿಡ್ತೀನಿ, ನೋಡ್ಕೊಳ್ಳಿ" ಎಂದು ಚಾಂದ್ ಪಾಷಾ ಕೆಳಗಿಳಿದ. ನಮಾಜು ಮುಗಿಸಿ ಬರುವಾಗ ಬೀದಿ ಕೊನೆಯ ಟೀ ಅಂಗಡಿಯಲ್ಲಿ ಲತೀಫ್ ಸಿಕ್ಕಿ, ಹಲಸೂರಿನ ಹಕ್ಕಿ ಸರಿಯಾಗಿ ಐದಕ್ಕೆ ಇಳಿಯಿತೆಂದು ಫೋನ್ ಬಂದ ಸುದ್ದಿ ಹೇಳಿದ. ಆಗ ಐದೂ ಕಾಲು. ಚಾಂದ್ ಪಾಷಾ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ.

"ಹಕ್ಕಿ ಎಲ್ಲಿದೆ ಅಣ್ಣಾ?"

"ಅಗೋ, ಚರ್ಚಿನ ಗೋಪುರದ ನೇರಕ್ಕೆ. ಈಗಿನ್ನೂ ನೋಡ್ದೆ. ಜೋರಾಗಿ ಹಾರ್ತಿದೆ ಕಣೋ, ಇವತ್ತು ನಿಂದೇ ಕಪ್ಪು."

ರಾಮಾಂಜಿನಪ್ಪನವರ ಕುರ್ಚಿಯ ಹಿಂದೆ, ಕೈ ಚಾಚಿದರೆ ಸಿಗುವಂತೆ, ನೀರಿನ ಟ್ಯಾಂಕಿನ ಮೇಲೆ ಹಕ್ಕಿ ಕುಳಿತು ರೆಕ್ಕೆಯನ್ನು ಕೊಕ್ಕಿನಿಂದ ನೇವರಿಸಿಕೊಳ್ಳುತ್ತಿತ್ತು.

"ಹಿಂದೆ ತಿರುಗಿ ನೋಡಿ" ಎಂದ ಚಾಂದ್ ಪಾಷಾ.

ಅವರು ತಿರುಗಿದರು. ಅಷ್ಟು ಹತ್ತಿರದ್ದು ಅವರಿಗೂ ಕಂಡಿತು.

"ಯಾವಾಗ ಇಳೀತು?" ಎಂದು ಚಾಂದ್ ಪಾಷಾ ಕೇಳಿದ. ಐದಕ್ಕೆ ಮುಂಚೆ ಇಳಿದಿದ್ದರೆ ಸೋಲು, ಆಮೇಲೆ ಇಳಿದಿದ್ದರೆ ಇಪ್ಪತ್ತು ವರ್ಷ ಕಾದ ಕಪ್. ಹೇಳಬೇಕಾದವರಿಗೆ ಅದು ಗೊತ್ತಿರಲಿಲ್ಲ. ರಾಮಾಂಜಿನಪ್ಪನವರು ಚೀಟಿಯನ್ನು ಮೂಗಿನ ಹತ್ತಿರ ಹಿಡಿದು ಪೆನ್ನು ತೆಗೆದರು.

"ಹಲಸೂರಿಂದು ಎಷ್ಟಕ್ಕಂತೆ?"

"ಐದಕ್ಕೆ."

"ಐದೂ ಹತ್ತು ಅಂತ ಹಾಕ್ತೀನಿ ಬಿಡು."

"ನೋಡಿದ್ರಾ ನೀವು?"

ರಾಮಾಂಜಿನಪ್ಪನವರು ಪೆನ್ನಿನ ಮುಚ್ಚಳ ಹಾಕಿದರು.

"ನೋಡಿಲ್ಲಾಂದ್ರೆ ಆ ಟೈಮು ನಂಗೆ ಬೇಡ ಅಣ್ಣಾ. ಕಣ್ಣು ಕಾಣ್ತಿಲ್ಲ ಅಂತ ಕಮಿಟೀಲಿ ಹೇಳ್ಬಿಡಿ. ಅಂಪೈರ್ ತಪ್ಪಾದ್ರೆ ಇನ್ನೊಂದ್ಸಲ ಹಾರಿಸೋಕೆ ಬಿಡ್ತಾರೆ. ನನ್ನ ಹಕ್ಕೀದೇನು ತಪ್ಪು?"

ಅದು ನ್ಯಾಯವಾದ ಮಾತು. ಆದರೆ ಹಾಗೆ ಹೇಳಿದರೆ ಹೋದ ವರ್ಷದಿಂದ ಅವರು ಔಟ್ ಮಾಡಿದ್ದ ಹಕ್ಕಿಗಳೆಲ್ಲ ಎದ್ದು ಬರುತ್ತವೆ. ನಿನಗೆ ಆಗಲೂ ಕಾಣುತ್ತಿರಲಿಲ್ಲವೇ ಎಂದು ಒಬ್ಬೊಬ್ಬನೂ ಕಾಲರ್ ಹಿಡಿಯುತ್ತಾನೆ. ಊರನ್ನೆಲ್ಲ ಆಡಿಕೊಂಡವರನ್ನು ಊರೆಲ್ಲ ಆಡಿಕೊಳ್ಳುತ್ತದೆ. ರಾಮಾಂಜಿನಪ್ಪನವರು ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದರು, ಹಿಂದೆಯೇ ಚಾಂದ್ ಪಾಷಾ ಇಳಿದ.

ಟೀ ಅಂಗಡಿಯಲ್ಲಿ ಕಮಿಟಿಯವರು ಕಾಯುತ್ತಿದ್ದರು. ರಾಮಾಂಜಿನಪ್ಪನವರು ಚೀಟಿಯನ್ನು ಮೇಜಿನ ಮೇಲಿಟ್ಟರು.

"ಕೊನೇ ಗಂಟೇಲಿ ಹಕ್ಕಿ ಕಾಣಲಿಲ್ಲ. ಔಟ್."

ಎಲ್ಲರೂ ಚಾಂದ್ ಪಾಷಾನ ಮುಖ ನೋಡಿದರು. ಅವನು ಜಗಳ ತೆಗೆದಿದ್ದರೆ ರಾಮಾಂಜಿನಪ್ಪನವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವನು "ಅಂಪೈರ್ ಮಾತು ಅಂದ್ಮೇಲೆ ಆಯ್ತು" ಎಂದಷ್ಟೇ ಹೇಳಿ ಟೀ ಲೋಟ ಕೆಳಗಿಟ್ಟ.

"ನೋಡ್ರಯ್ಯಾ!" ಎಂದು ಲತೀಫ್ ಕೂಗಿದ. "ದೋಸ್ತ್ ಅಂತಾನೂ ಬಿಡ್ಲಿಲ್ಲ. ಅಂಪೈರ್ ಅಂದ್ರೆ ಇವ್ರು. ಮುಂದಿನ ವರ್ಷಾನೂ ಇವ್ರೇ."

ಚಪ್ಪಾಳೆ ಬಿತ್ತು. ಹಲಸೂರಿನವರ ಕಡೆಯಿಂದ ಯಾರೋ ಹಾರ ತಂದು ಹಾಕಿದರು. ಸೇವಂತಿಗೆ ಹೂವು ಕತ್ತಿಗೆ ತಣ್ಣಗೆ ತಾಗಿತು.

ಹೊರಗೆ ಬಂದಾಗ ದೀಪ ಹೊತ್ತಿಸುವ ಸಮಯ. ಆ ಮಬ್ಬಿನಲ್ಲಿ ಅವರಿಗೆ ಏನೆಂದರೆ ಏನೂ ಕಾಣುತ್ತಿರಲಿಲ್ಲ. ಯಾರೋ ಬಂದು ಮೊಣಕೈ ಹಿಡಿದರು.

"ಚರಂಡಿ ಇದೆ ಅಣ್ಣಾ, ಕಾಲೆತ್ತಿ ಇಡಿ."

ಚಾಂದ್ ಪಾಷಾ. ಬಸ್ ಸ್ಟ್ಯಾಂಡಿನವರೆಗೂ ಅವನು ಬೇರೆ ಮಾತಾಡಲಿಲ್ಲ. ಬೈದು ಬಿಡಬಾರದೇ ಎಂದು ಇವರು ಕಾದರು. ಆಟೋ, ತಳ್ಳುಗಾಡಿಗಳ ನಡುವೆ ದಾಟಿಸುತ್ತ, ಎದುರು ಬಂದವರಿಗೆ "ಹಟೋ ಭಾಯ್" ಎನ್ನುತ್ತ ಅವನು ಇವರನ್ನು ಫುಟ್‌ಪಾತಿನ ಅಂಚಿಗೆ ತಂದು ನಿಲ್ಲಿಸಿದ. ಬಸ್ಸೊಂದು ಉಸಿರು ಬಿಡುತ್ತ ಬಂದು ನಿಂತಿತು. ಬೋರ್ಡು ಅವರಿಗೆ ಬರೀ ಹಳದಿ ಕಲೆ.

"ನಿಮ್ಮದೇ ಬಸ್ಸು. ಹತ್ತಿ."

ರಾಮಾಂಜಿನಪ್ಪನವರು ಹಿಡಿಕೆ ಹಿಡಿದು ಒಂದು ಗಳಿಗೆ ನಿಂತರು. ಇದೇ ಬಸ್ಸೋ ಅಲ್ಲವೋ ತಿಳಿಯುವ ದಾರಿ ಅವರಿಗಿರಲಿಲ್ಲ. ಈಗ ತಾನೇ ಯಾರ ಕಪ್ಪನ್ನು ಮಣ್ಣುಪಾಲು ಮಾಡಿದ್ದರೋ ಅವನ ಮಾತನ್ನೇ ನಂಬಬೇಕಿತ್ತು. ತಾವು ಅವನ ಜಾಗದಲ್ಲಿದ್ದರೆ ಯಾವ ಬಸ್ಸು ಹತ್ತಿಸುತ್ತಿದ್ದೆವೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹತ್ತಿ ಕುಳಿತರು. ಕಂಡಕ್ಟರನನ್ನು ಕೇಳಲು ನಾಲಿಗೆ ಏಳಲಿಲ್ಲ. ಕಗ್ಗದಾಸಪುರದ ಬಸ್ಸಾದರೆ ದಾರಿಯಲ್ಲಿ ಹಲಸೂರು ಬರಲೇಬೇಕು ಎಂದುಕೊಂಡು, ಸೇವಂತಿಗೆಯ ಹಾರವನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದು ತಿರುವಿಗೂ ಕಿವಿ ನಿಮಿರಿಸಿ ಕುಳಿತಿದ್ದರು. "ಹಲಸೂರು, ಹಲಸೂರು! ಯಾರ್ರೀ ಇಳಿಯೋರು?" ಎಂದು ಕಂಡಕ್ಟರ್ ಕೂಗಿದಾಗ ರಾಮಾಂಜಿನಪ್ಪನವರು ಪಂಚೆಯ ತುದಿಯಿಂದ ಮುಖ ಮುಚ್ಚಿಕೊಂಡು, ಪಕ್ಕದಲ್ಲಿ ಕುಳಿತವರಿಗೂ ಕೇಳುವಂತೆ ಅಳತೊಡಗಿದರು.