ಗಿರಣಿ ಕಾಕಾನ ಕೈಗವಸು

ಅಥಣಿ ರಸ್ತೆಯಲ್ಲಿ ವಿಡಿಯೊ ಗೇಮಿನಂಗಡಿ ಇಟ್ಟಿರುವ ಗೊಲ್ಲಾಳಪ್ಪ ಕಾಕಾ, ಪರದೆಯ ಆಟದೊಳಗಿನ ಕಲ್ಲು ಮುಟ್ಟಿದರೆ ಬೆರಳಿಗೆ ಗುಂಯ್ ಎಂದು ನಡುಗುವ ಕೈಗವಸನ್ನು ಮೊದಲು ತಾವು ಹಾಕಿಕೊಳ್ಳದೆ ಯಾವ ಮಗುವಿಗೂ ತೊಡಿಸುವುದಿಲ್ಲ. ಕಣ್ಣು ಮುಚ್ಚಿ, ಹೆಬ್ಬೆರಳು ತೋರುಬೆರಳು ತಿಕ್ಕಿ, "ಇನ್ನೂ ತರಿತರಿ ಐತಿ" ಎಂದು ಗುಂಡಿ ತಿರುವಿ ಕೈಗವಸಿನ ನಡುಕ ಇಳಿಸುತ್ತಾರೆ; ಅಷ್ಟರಲ್ಲಿ ಕಾಯುವ ಮಕ್ಕಳಿಗೆ ಮೀಸೆ ಬಂದಿರುತ್ತದೆ. "ಕಾಕಾ, ನಮ್ಮ ಹುಡುಗಿ ಕೈ ನರಕ್ಕ ಏನರ ಆದ್ರ?" ಎಂದು ದಿನವೂ ಕೇಳುತ್ತಿದ್ದೆ. "ಸಣ್ಣಾಕಿದ್ದಾಗ ಇಲ್ಲೇ ನನ್ನ ಗಿರಣ್ಯಾಗ ಡಬ್ಬಿ ಹಿಡಕೊಂಡು ನಿಂತಿದ್ದಿ, ನಿನಗೇನಾತಬೇ?" ಎನ್ನುತ್ತಿದ್ದರು. ಹೌದು, ಜೋಳದ ಹಿಟ್ಟು ಬಿಸಿಬಿಸಿಯಾಗಿ ಬೀಳುವಾಗ ಡಬ್ಬಿ ನನ್ನ ಅಂಗೈಯಲ್ಲಿ ಹೀಗೇ ನಡುಗುತ್ತಿತ್ತು. ಗಿರಣಿ ಮುಚ್ಚಿ ಆರು ವರ್ಷವಾಯಿತು. ಇಂದಿಗೂ ಕಾಕಾ ಕೈಗವಸು ಕಳಚಿದೊಡನೆ, ಅಂಟಿರದ ಹಿಟ್ಟನ್ನು ಟವೆಲಿಗೆ ಒರೆಸಿಕೊಳ್ಳುತ್ತಾರೆ. ಅದನ್ನು ಮೊದಲ ಸಲ ಕಂಡ ದಿನವೇ ಮಗಳಿಗೆ, "ಹೋಗವ್ವ, ಹಾಕ್ಕೊ" ಎಂದೆ.